ಲೋಕವನ್ನು ಗೆದ್ದ ಹಳ್ಳಿ

ಶನಿವಾರದ ರಾತ್ರಿ ರೇಡಿಯೋದ ಮುಳ್ಳನ್ನು ಅತ್ತಿತ್ತ ತಿರುಗಿಸಿ ದೂರದೇಶದ ನಿಲಯಗಳನ್ನು ಹುಡುಕುವ ಚಪಲ ನಿಮಗೆ ಇದ್ದಿತಾದರೆ, ಬ್ರಿಟನ್ನಿನ ಕಾಲ್ಚೆಂಡಾಟದ ಫಲಿತಾಂಶಗಳನ್ನು ಓದುವ ಗಂಭೀರವಾದ ಧ್ವನಿ ಎಂದಾದರೊಮ್ಮೆ ನಿಮ್ಮ ಕಿವಿಗೆ ಬಿದ್ದಿರಲೇಬೇಕು. ಸೆಲ್ಟಿಕ್, ರೇಂಜರ್ಸ್, ಡಂಬಾರ್ಟನ್ ಎಂದು ಆ ಧ್ವನಿ ಹೇಳಿಕೊಂಡು ಹೋಗುವ ಪಟ್ಟಿಯಲ್ಲಿ ಒಂದು ಹೆಸರನ್ನು ಮಾತ್ರ ನೀವು ಕೇಳಿರಲಾರಿರಿ. ಅದು ರೆಂಟನ್. ಹಾಗಿದ್ದರೂ ಆ ಪಟ್ಟಿ ಹುಟ್ಟಿದ್ದೇ ರೆಂಟನ್ನಿನಿಂದ ಹೊರಟ ಒಂದು ಕಾಗದದಿಂದ ಎಂದರೆ ನಿಮಗೆ ಆಶ್ಚರ್ಯವಾದೀತು.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಯವ್ಯಕ್ಕೆ ಲೋಮಂಡ್ ಎಂಬ ದೊಡ್ಡ ಸರೋವರವಿದೆ. ಅದರಿಂದ ಹೊರಟು ಕ್ಲೈಡ್ ನದಿಯನ್ನು ಸೇರುವ ಲೀವನ್ ತೀರ ಗಿಡ್ಡನೆಯ ಹೊಳೆ. ಆದರೆ ಅದರ ನೀರು ಬಹಳ ಮೆದು, ಬಹಳ ತಿಳಿ. ಬಟ್ಟೆಯನ್ನು ಬಿಳುಪು ಮಾಡುವುದಕ್ಕೂ ಬಣ್ಣ ಕಟ್ಟುವುದಕ್ಕೂ ಇಂಥ ನೀರೇ ಬೇಕು. ಹದಿನೆಂಟನೆಯ ಶತಮಾನದಿಂದಲೇ ಅದರ ದಡದಲ್ಲಿ ಈ ಉದ್ಯಮ ನೆಲೆಯೂರಿತು. ಕಾದಂಬರಿಕಾರ ಟೊಬಾಯಸ್ ಸ್ಮಾಲೆಟ್ ಹುಟ್ಟಿದ್ದು ಈ ದಡದಲ್ಲಿಯೇ, 1721ರಲ್ಲಿ. ಅವನ ಮನೆತನದವರು 1782ರಲ್ಲಿ ಕೆಲಸಗಾರರಿಗಾಗಿ ಕಟ್ಟಿಸಿದ ಊರೇ ರೆಂಟನ್. ಮನೆಗೆ ಬಂದ ಸೊಸೆಯ ತವರಿನ ಹೆಸರನ್ನು ಊರಿಗಿಟ್ಟರು.

ಇಲ್ಲಿಯ ಕಾರ್ಖಾನೆಗಳ ಹೆಸರುವಾಸಿಯಾದ ಸರಕು 'ಟರ್ಕಿ ಕೆಂಪು'. ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಒಂದು ಬೇರಿನ ಬಣ್ಣ, ಎಣ್ಣೆ, ಪಟಿಕ, ಇವುಗಳಿಂದ ಹಲವು ಹದಗಳಲ್ಲಿ ಬರಿಸುತ್ತಿದ್ದ, ಒಗೆದರೂ ಬಿಸಿಲಿಗೆ ಒಡ್ಡಿದರೂ ಮಾಸದ ಕೆಂಪು ಅದು. ಆ ಕೆಂಪು ಬಟ್ಟೆಯ ದೊಡ್ಡ ಗಿರಾಕಿ ಯಾರೆಂದು ಬಲ್ಲಿರಾ? ನಮ್ಮ ದೇಶವೇ! ನವಿಲುಗಳನ್ನೂ ಬಳ್ಳಿಗಳನ್ನೂ ಅಚ್ಚೊತ್ತಿದ ಚೀಟಿಬಟ್ಟೆಗಳು ಲೀವನ್ ಕಣಿವೆಯಿಂದ ಹಡಗೇರಿ ಬಂದು ಮುಂಬಯಿ, ಕಲ್ಕತ್ತೆಗಳಲ್ಲಿ ಇಳಿಯುತ್ತಿದ್ದವು. ಗಂಟುಗಳ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳಲ್ಲಿ ನಮ್ಮ ದೇವದೇವತೆಗಳೇ ಕಂಗೊಳಿಸುತ್ತಿದ್ದರು. ಆ ಸರಕಿನ ಮುಂದೆ ನಮ್ಮ ಬಣ್ಣಗಾರರ ಒಲೆ ತಣ್ಣಗಾದುದು ಬೇರೆಯೇ ಒಂದು ಕಥೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಆ ಕೆಂಪಿನಲ್ಲಿ ದುಡಿದು ಕೈ ಕೆಂಪಾಗಿಸಿಕೊಂಡ ಹುಡುಗರು ಶನಿವಾರದ ಅರ್ಧದಿನದ ರಜೆಯಲ್ಲಿ ಏನು ಮಾಡುತ್ತಿದ್ದರು ಎಂಬುದಷ್ಟೇ ಈ ಹೊತ್ತಿನ ವಿಷಯ.

ಮೊದಲು ಅವರು ಆಡುತ್ತಿದ್ದುದು ಬೆಟ್ಟದ ಸೀಮೆಯಿಂದ ಕೂಲಿಗೆ ಬಂದವರು ತಂದಿದ್ದ ಶಿಂಟಿ, ಹಾಕಿಯನ್ನು ಹೋಲುವ ಕೋಲಿನ ಆಟ. 1872ರಲ್ಲಿ ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ತಂಡದವರು ಬಂದು ಈ ಕಣಿವೆಯಲ್ಲಿ ಕಾಲ್ಚೆಂಡನ್ನು ಆಡಿ ತೋರಿಸಿದರು. ಅದೇ ವರ್ಷ ರೆಂಟನ್ ತಂಡವೂ ಪಕ್ಕದ ವೇಲ್ ಆಫ್ ಲೀವನ್ ತಂಡವೂ ಹುಟ್ಟಿದುವು. ಕಲಿಸಿದವರಿಗಿಂತ ಕಲಿತವರೇ ಚುರುಕಾದರೆನ್ನಬೇಕು. 1877, 78, 79, ಮೂರು ವರ್ಷ ಸಾಲಾಗಿ ವೇಲ್ ಆಫ್ ಲೀವನ್ ಸ್ಕಾಟಿಷ್ ಕಪ್ಪನ್ನು ಗೆದ್ದುಕೊಂಡಿತು. ರೆಂಟನ್ ಅದಕ್ಕೂ ಮೊದಲೇ, 1875ರಲ್ಲಿ, ಅಂತಿಮ ಪಂದ್ಯವನ್ನು ಮುಟ್ಟಿ ಕ್ವೀನ್ಸ್ ಪಾರ್ಕಿಗೆ ಸೋತಿತ್ತು. ಹತ್ತು ವರ್ಷ ಕಾದು 1885ರಲ್ಲಿ, ನೆರೆಯ ವೇಲ್ ಆಫ್ ಲೀವನ್ನನ್ನೇ ಮರುಪಂದ್ಯದಲ್ಲಿ 3-1ರಿಂದ ಸೋಲಿಸಿ ಕಪ್ಪನ್ನು ಮನೆಗೆ ತಂದಿತು.

ಆದರೆ ರೆಂಟನ್ನಿನ ನಿಜವಾದ ವರ್ಷ 1888. ಫೆಬ್ರವರಿಯ ಅಂತಿಮ ಪಂದ್ಯದಲ್ಲಿ ಕ್ಯಾಂಬಸ್ಲಾಂಗ್ ತಂಡವನ್ನು 6-1ರಿಂದ ಅವರು ಮಣಿಸಿದರು. ಅಂಥ ಅಂತರ ಆ ಕಪ್ಪಿನ ಅಂತಿಮ ಪಂದ್ಯದಲ್ಲಿ ಮತ್ತೆ ಕಂಡುಬಂದುದು 1972ರಲ್ಲಿ. ಮಾರ್ಚಿನಲ್ಲಿ ಅತ್ತ ಇಂಗ್ಲೆಂಡಿನ ಕಪ್ಪನ್ನು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಗೆದ್ದಿತು. ಇಬ್ಬರಲ್ಲಿ ಯಾರು ಮೇಲು? ಮೇ 19ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ ಅದು ತೀರ್ಮಾನವಾಯಿತು. ಗುಡುಗು ಮಿಂಚಿನ ಮಳೆ, ಮೈದಾನವೆಲ್ಲ ನೀರು. ಆ ಕೆಸರಿನಲ್ಲಿ ರೆಂಟನ್ 4-1ರಿಂದ ಗೆದ್ದಿತು. ಕಾಲ್ಚೆಂಡನ್ನು ಈ ಮಟ್ಟದಲ್ಲಿ ಆಡುವ ದೇಶ ಬೇರೆ ಇಲ್ಲವೆಂದು ನಂಬಿದ್ದ ಕಾಲ. ಹಳ್ಳಿಯವರು ಹಿಂದುಮುಂದು ನೋಡದೆ ತಮ್ಮ ಟಾಂಟೈನ್ ಪಾರ್ಕ್ ಮೈದಾನದ ಮನೆಗೆ 'ಲೋಕದ ಚಾಂಪಿಯನ್ನರು' ಎಂದು ಹಲಗೆ ಬರೆಸಿ ತೂಗುಹಾಕಿದರು. ನಗಬೇಡಿ. ಲೋಕದ ಕಪ್ ಎಂಬ ಪಂದ್ಯಾವಳಿ ಮೊದಲಾದುದು 1930ರಲ್ಲಿ. ಅಲ್ಲಿಯವರೆಗೆ ಆ ಹಲಗೆಯನ್ನು ಇಳಿಸಿರೆಂದು ಹೇಳುವ ಅಧಿಕಾರ ಯಾರಿಗಿತ್ತು? ಐದು ಸಾವಿರದಷ್ಟು ಜನವಿದ್ದ ಊರು ಅದು.

ಈ ಬಲದ ಗುಟ್ಟೇನೆಂದು ಕೇಳಿದವರಿಗೆಲ್ಲ 'ಕೋಳಿಯ ಸಾರು' ಎಂಬ ಉತ್ತರ ಸಿಗುತ್ತಿತ್ತಂತೆ. ಆ ಸಾರಿನಲ್ಲಿದ್ದುದು ಹಸಿಮೊಟ್ಟೆ ಮತ್ತು ಪೋರ್ಟ್ ಮದ್ಯ ಎಂದು ಪ್ರತೀತಿ. ಆಟಗಾರರನ್ನು ಒಟ್ಟಾಗಿ ತಾಲೀಮು ಮಾಡಿಸುತ್ತಿದ್ದರು, ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಸಾಗುವ ಆಟ ಅವರದು, ಎಂಬ ನೀರಸವಾದ ಕಾರಣವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಗೆದ್ದ ಒಂಬತ್ತೇ ದಿನಕ್ಕೆ ಒಡಕು ಕಾಣಿಸಿತು. ಮೇ 28ರಂದು ಗ್ಲಾಸ್ಗೋದಲ್ಲಿ ಹೊಸದಾಗಿ ಹುಟ್ಟಿದ್ದ ಸೆಲ್ಟಿಕ್ ತಂಡ ರೇಂಜರ್ಸಿನೊಡನೆ ತನ್ನ ಮೊದಲ ಪಂದ್ಯವನ್ನು ಆಡಿತು. ಅದರಲ್ಲಿ ಸೆಲ್ಟಿಕ್‌ನ ಅಂಗಿ ತೊಟ್ಟು ನಿಂತವರಲ್ಲಿ ರೆಂಟನ್ನಿನ ಜೇಮ್ಸ್ ಕೆಲ್ಲಿ ಇದ್ದ, ನೀಲ್ ಮ್ಯಾಕಾಲಮ್ ಇದ್ದ. ಸೆಲ್ಟಿಕ್ ಇತಿಹಾಸದ ಮೊತ್ತಮೊದಲ ಗೋಲನ್ನು ಹೊಡೆದವನೂ ಈ ಮ್ಯಾಕಾಲಮನೇ. ಹಣ ಪಡೆದು ಆಡುವುದು ಇಂಗ್ಲೆಂಡಿನಲ್ಲಿ 1885ರಿಂದ ಸಕ್ರಮವಾಗಿತ್ತು. ಸ್ಕಾಟ್ಲೆಂಡಿನಲ್ಲಿ 1893ರವರೆಗೆ ನಿಷಿದ್ಧ. ನಿಷಿದ್ಧವಾದುದು ಮೇಜಿನ ಕೆಳಗೆ ನಡೆಯುತ್ತದೆಂದು ನಿಮಗೆ ಹೇಳಬೇಕೆ? ನಗರಗಳ ತಂಡಗಳಿಗೆ ಪ್ರೇಕ್ಷಕರ ಟಿಕೆಟಿನ ಹಣವಿತ್ತು. ಹಳ್ಳಿಗೆ ಇದ್ದುದು ಹುಡುಗರು ಮಾತ್ರ. ಅವರು ಒಬ್ಬೊಬ್ಬರಾಗಿ ರೈಲು ಹತ್ತಿದರು, ಕೆಲವರು ಗ್ಲಾಸ್ಗೋಗೆ, ಕೆಲವರು ಇಂಗ್ಲೆಂಡಿಗೆ.

ಈ ನಡುವೆಯೂ ರೆಂಟನ್ನಿನ ಕಾರ್ಯದರ್ಶಿ ಪೀಟರ್ ಫೇರ್ಲಿ ಎಂಬಾತ ಸುಮ್ಮನಿರಲಿಲ್ಲ. ವರ್ಷವಿಡೀ ಕ್ರಮವಾಗಿ ಪಂದ್ಯಗಳು ನಡೆದರೆ ಆದಾಯವೂ ಕ್ರಮವಾಗಿ ಬಂದೀತೆಂದು, ಇಂಗ್ಲೆಂಡಿನ ಮಾದರಿಯಲ್ಲಿ ಒಂದು ಲೀಗನ್ನು ಕಟ್ಟೋಣವೆಂದು ಉಳಿದ ಕ್ಲಬ್ಬುಗಳಿಗೆ ಕಾಗದ ಬರೆದ. ಮೊದಲಿನಲ್ಲಿ ನಾನು ಹೇಳಿದ ಕಾಗದ ಇದೇ. 1890ರಲ್ಲಿ ಸ್ಕಾಟಿಷ್ ಲೀಗ್ ಹನ್ನೊಂದು ತಂಡಗಳಿಂದ ಪ್ರಾರಂಭವಾಯಿತು. ಅವುಗಳಲ್ಲಿ ಮೂರು, ಡಂಬಾರ್ಟನ್, ರೆಂಟನ್, ವೇಲ್ ಆಫ್ ಲೀವನ್, ಈ ಒಂದೇ ಹೊಳೆಯ ನೀರು ಕುಡಿದವು. ಆಗಸ್ಟ್ 23ರಂದು ರೆಂಟನ್ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್ಕನ್ನು ಅದರ ಮನೆಯಲ್ಲೇ 4-1ರಿಂದ ಸೋಲಿಸಿ ಬಂದಿತು.

ಆ ಗೆಲವು ಇಂದು ಯಾವ ದಾಖಲೆಯ ಅಂಕಪಟ್ಟಿಯಲ್ಲಿಯೂ ಸೇರಿಲ್ಲ. ಆದದ್ದಿಷ್ಟು: ಎಡಿನ್‌ಬರೋದ ಸೇಂಟ್ ಬರ್ನಾರ್ಡ್ಸ್ ತಂಡವನ್ನು ಗುಟ್ಟಾಗಿ ಹಣ ಕೊಟ್ಟ ಅಪರಾಧಕ್ಕಾಗಿ ಸಂಘದವರು ಅಮಾನತಿನಲ್ಲಿ ಇಟ್ಟಿದ್ದರು. ಅದೇ ತಂಡ 'ಎಡಿನ್‌ಬರೋ ಸೇಂಟ್ಸ್' ಎಂದು ವೇಷ ಬದಲಿಸಿ ಬಂದಾಗ ರೆಂಟನ್ ಅದರೊಡನೆ ಆಡಿತು. ರೆಂಟನ್ನಿಗೂ ಬಹಿಷ್ಕಾರ! ಲೀಗಿನಲ್ಲಿ ಆಡಿದ್ದ ಐದು ಪಂದ್ಯಗಳನ್ನೂ ಹೊಡೆದುಹಾಕಿದರು. ತಾನೇ ಕರೆದ ಊಟದ ಪಂಕ್ತಿಯಿಂದ ತನ್ನನ್ನೇ ಎಬ್ಬಿಸಿದಂತಾಯಿತು. ಆ ವರ್ಷದ ಪ್ರಶಸ್ತಿಯನ್ನು ನೆರೆಯ ಡಂಬಾರ್ಟನ್ ರೇಂಜರ್ಸಿನೊಡನೆ ಹಂಚಿಕೊಂಡಿತು. ರೆಂಟನ್ನಿನವರು ನ್ಯಾಯಾಲಯದ ಮೆಟ್ಟಿಲೇರಿ ವ್ಯಾಜ್ಯ ಗೆದ್ದು ಮರುವರ್ಷ ಲೀಗಿಗೆ ಮರಳಿದರು ನಿಜ. ಆದರೆ ಹೋದ ಆಟಗಾರರು ಮರಳಲಿಲ್ಲ. 1894ರಲ್ಲಿ ತಂಡ ಕೊನೆಯ ಸ್ಥಾನಕ್ಕೆ ಜಾರಿ ಎರಡನೆಯ ವಿಭಾಗಕ್ಕೆ ಇಳಿಯಿತು. 1895ರಲ್ಲಿ ಅಲ್ಲಿಂದಲೇ ಹೇಗೋ ಕಪ್ಪಿನ ಅಂತಿಮ ಪಂದ್ಯದವರೆಗೆ ಏರಿ 2-1ರಿಂದ ಸೋತಿತು. ಗೆದ್ದವರು ಯಾರೆಂದಿರಿ? ಅದೇ ಸೇಂಟ್ ಬರ್ನಾರ್ಡ್ಸ್! ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

1897ರಲ್ಲಿ ಹಣದ ಮುಗ್ಗಟ್ಟಿನಿಂದ, ನಾಲ್ಕು ಪಂದ್ಯಗಳನ್ನು ಆಡಿದ ಮೇಲೆ, ರೆಂಟನ್ ತಾನಾಗಿಯೇ ಲೀಗನ್ನು ಬಿಟ್ಟಿತು. ಮುಂದೆಯೂ ಸಣ್ಣಪುಟ್ಟ ಪಂದ್ಯಾವಳಿಗಳಲ್ಲಿ ಆಡಿಕೊಂಡಿದ್ದು 1922ರಲ್ಲಿ ಬಾಗಿಲು ಮುಚ್ಚಿತು. ಬಣ್ಣದ ಕಾರ್ಖಾನೆಗಳೂ 1960ರ ಸುಮಾರಿಗೆ ನಿಂತುಹೋದುವು. ಟಾಂಟೈನ್ ಪಾರ್ಕಿನ ಮೇಲೆ ಮನೆಗಳು ಎದ್ದಿವೆ. ಕಾರ್ಖಾನೆಗಳ ಮಾದರಿ ಪುಸ್ತಕಗಳು, ಆ ಕೆಂಪು ನವಿಲುಗಳ ಸಮೇತ, ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇವೆ. 1888ರ ಆ ಲೋಕದ ಪಾರಿತೋಷಕ ಗ್ಲಾಸ್ಗೋದ ಕಾಲ್ಚೆಂಡು ಸಂಗ್ರಹಾಲಯದಲ್ಲಿದೆ.