ಹೊರನಾಡಿನ ಓದು, ಕೆಮ್ಮಣ್ಣಿನ ಪರೀಕ್ಷೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಗಿ ಬೇರೆಯಾದದ್ದು 1986ರಲ್ಲಿ. ಈ ಸೀಮೆಗೂ ಹೊರದೇಶಗಳ ಕೃಷಿ ವಿದ್ಯೆಗೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು. ದೇವನಹಳ್ಳಿಗೆ ಹೋಗುವ ದಾರಿಯಲ್ಲಿರುವ ಹೆಬ್ಬಾಳದಲ್ಲಿ ಪ್ರಾಯೋಗಿಕ ಕೃಷಿ ಕ್ಷೇತ್ರಕ್ಕಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿ 1899ರಲ್ಲಿ 30 ಎಕರೆ ಕೊಟ್ಟರು. ಇಂದು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಕೆಲವು ವಾರಗಳ ಮಟ್ಟಿಗೆ ದೇಶದಿಂದ ದೇಶಕ್ಕೆ ಕಳಿಸುತ್ತಿರುವಾಗ, ಆ ಹಳೆಯ ನಂಟಿನಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ನೋಡಬೇಕು. ನನ್ನ ವಾದ ಇಷ್ಟೇ: ಹೊರಗೆ ಕಲಿತವರು ಇಲ್ಲಿನ ನೆಲವನ್ನೂ ಬೆಳೆಯನ್ನೂ ತಮಗೆ ಪಾಠ ಹೇಳುವ ಗುರುವೆಂದು ಒಪ್ಪಿ, ಬಹುಕಾಲ ನಿಂತು ದುಡಿದಾಗ ಮಾತ್ರ ಆ ವಿದ್ಯೆ ಇಲ್ಲಿ ಬೇರು ಬಿಟ್ಟಿತು.

ಮೊದಲ ಸಾಕ್ಷಿ ಲೆಸ್ಲಿ ಕೋಲ್ಮನ್. ಕೆನಡಾದಲ್ಲಿ ಹುಟ್ಟಿ, ಜರ್ಮನಿಯ ಗಟ್ಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು ಇಲ್ಲಿಂದ ಹೊರಟದ್ದು 1934ರಲ್ಲಿ. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಆರಂಭವಾದದ್ದು ಅವರ ಕಾಲದಲ್ಲಿ. ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಳಕೆಗೆ ಬಂದದ್ದೂ ಅವರ ಪ್ರಯೋಗಗಳಿಂದಲೇ. ಆದರೆ ಬಯಲುಸೀಮೆಗೆ ಮುಖ್ಯವಾದದ್ದು ರಾಗಿಯ ಕೆಲಸ. ಗೋಧಿಯ ದೇಶದಿಂದ ಬಂದವರ ಮುಂದಾಳುತನದಲ್ಲಿ ಹೆಬ್ಬಾಳದ ಪ್ರಯೋಗಗಳು ಬಡವರ ಹೊಟ್ಟೆ ತುಂಬಿಸುವ ಬೆಳೆಯನ್ನು ಕೈಗೆತ್ತಿಕೊಂಡು, ರೈತರ ಹೊಲಗಳ ರಾಗಿಯಿಂದಲೇ ಎಚ್-22ರಂಥ ತಳಿಯನ್ನು ಆರಿಸಿದವು. ಇಲ್ಲಿಂದ ಹೊರಗೆ ಹೋಗಿ ಬಂದವರ ಕಥೆಯೂ ಇದೇ ಮಾತನ್ನು ಹೇಳುತ್ತದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ಎಚ್.ಸಿ. ಜವರಾಯ, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದ ಎಂ.ಎಚ್. ಮರಿಗೌಡ ಇಬ್ಬರೂ ಮರಳಿ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಸಸಿ ಬೆಳೆಸುವ ತೋಟಗಾರಿಕೆ ಕ್ಷೇತ್ರಗಳನ್ನು ಮರಿಗೌಡರು ರಾಜ್ಯದ ಉದ್ದಗಲಕ್ಕೂ ಹಬ್ಬಿಸಿದರು.

ಎರಡನೆಯ ಘಟ್ಟದಲ್ಲಿ ವ್ಯಕ್ತಿಗಳ ಜಾಗಕ್ಕೆ ಸಂಸ್ಥೆಗಳು ಬಂದವು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಕೆ.ಸಿ. ನಾಯ್ಕ್ ಮೊದಲ ಕುಲಪತಿಯಾದರು. ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯ ಜೊತೆಗೆ ನಿಂತಿತು. ಅಲ್ಲಿನ ಪ್ರಾಧ್ಯಾಪಕರು ಇಲ್ಲಿಗೆ ಬಂದರು, ಇಲ್ಲಿನವರು ಅಲ್ಲಿಗೆ ಹೋಗಿ ಓದಿದರು. ಆ ಒಡನಾಟದಿಂದ ಉಳಿದುಕೊಂಡ ದೊಡ್ಡ ಲಾಭವೆಂದರೆ ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಏರ್ಪಾಡು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಇಂದು ಇದೇ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿರುವುದು ಆ ಏರ್ಪಾಡಿಗೆ ತಕ್ಕ ಮುಂದುವರಿಕೆ. 1970ರಲ್ಲಿ ಕೆನಡಾ ಸರ್ಕಾರದ ಸಹಕಾರದೊಡನೆ ಅಖಿಲ ಭಾರತ ಒಣಬೇಸಾಯ ಸಂಶೋಧನಾ ಯೋಜನೆ ಆರಂಭವಾದಾಗ ಬೆಂಗಳೂರೂ ಅದರ ಕೇಂದ್ರವಾಯಿತು. ಮಳೆ ನಂಬಿದ ಕೆಮ್ಮಣ್ಣಿನ ಹೊಲವೇ ಅಲ್ಲಿ ಓದಿನ ವಿಷಯವಾಯಿತು.

ನನ್ನ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಅಕ್ಕಡಿ ಸಾಲು, ಕೂರಿಗೆ ಬಿತ್ತನೆ ಬಲ್ಲ ರೈತನಿಗೆ ಹೊರಗಿನ ವಿದ್ಯೆ ಏಕೆ ಎಂಬುದು ಒಂದು. ರೈತನ ಅರಿವು ಮೊದಲಿನದು, ನಿಜ; ಆದರೆ ಆ ಅರಿವಿಗೆ ದೂರದ ಬೀಜ ಸೇರಿದಾಗಲೂ ಲಾಭವಾಗಿದೆ. ಮಂಡ್ಯದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ತೆಗೆದ ಇಂಡಾಫ್ ತಳಿಗಳೇ ಸಾಕ್ಷಿ. ನೀಲಗಿರಿಯನ್ನು ಹಬ್ಬಿಸಿದ್ದೂ ಹೊರಗಿನ ನೆರವಲ್ಲವೇ ಎಂಬುದು ಇನ್ನೊಂದು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು, ಅಂತರ್ಜಲದ ಕೂಗು ಎದ್ದಿತು. ಆದರೆ ಅಲ್ಲಿ ಬಂದದ್ದು ಹಣ ಮತ್ತು ಗುರಿ. ನೆಲದ ಮಾತು ಕೇಳುವ ಓದು ಬರಲಿಲ್ಲ. ಆ ಸೋಲು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಗಟ್ಟಿ ಮಾಡುತ್ತದೆ. ಹೋದವರು ಮರಳುವುದಿಲ್ಲ ಎಂಬುದು ಮೂರನೆಯ ಆಕ್ಷೇಪ. ಒಬ್ಬೊಬ್ಬರಾಗಿ ಹೋದಾಗ ಆ ನಷ್ಟ ಆಗಿಯೇ ಆಗಿದೆ. ಎರಡು ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಕಳಿಸಿದಾಗ ಮರಳುವವರಿಗೆ ಒಂದು ಕೆಲಸ, ಒಂದು ಪ್ರಯೋಗಾಲಯ, ಒಂದು ಹೊಲ ಕಾದಿರುತ್ತದೆ.

2016ರಿಂದ ಗಟ್ಟಿಂಗನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೊಡನೆ ನಡೆಸಿದ ಅಧ್ಯಯನ ಈ ಪರಂಪರೆಯಲ್ಲಿ ಮಹತ್ವದ್ದು. ಕೋಲ್ಮನ್ ಓದಿದ ಊರಿನ ವಿದ್ಯಾರ್ಥಿಗಳು ಇಲ್ಲಿನ ಸಂಶೋಧಕರ ಜೊತೆ ಸೇರಿ, ನಗರದಿಂದ ದೊಡ್ಡಬಳ್ಳಾಪುರದ ಕಡೆಗೆ ಚಾಚಿದ ಪಟ್ಟಿಯಲ್ಲಿ ಹಳ್ಳಿ ಪೇಟೆಯಾಗುವಾಗ ಬೆಳೆ, ಹಸು, ಮನೆತನಗಳಿಗೆ ಏನಾಗುತ್ತದೆಂದು ಅಳೆದರು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಪ್ರಯೋಗದ ತಾಕುಗಳಲ್ಲಿ ರಾಗಿ, ಅವರೆ, ಮುಸುಕಿನ ಜೋಳಗಳನ್ನು ಬೆಳೆದು ನೋಡಿದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಜಿಲ್ಲೆಗೆ ಇದಕ್ಕಿಂತ ತುರ್ತಾದ ಪ್ರಶ್ನೆಯಿಲ್ಲ. ಆದ್ದರಿಂದ ವಿದೇಶಿ ವ್ಯಾಸಂಗದ ಯೋಜನೆ ರೂಪಿಸುವವರಲ್ಲಿ ನನ್ನ ಕೋರಿಕೆ ಇದು: ಇಲ್ಲಿಗೆ ಬರುವವರು ಕನಿಷ್ಠ ಒಂದು ಮುಂಗಾರು, ಬಿತ್ತನೆಯಿಂದ ಕೊಯ್ಲಿನವರೆಗೆ, ಇಲ್ಲೇ ಇರಲಿ, ಇಲ್ಲಿಂದ ಹೋಗುವವರು ಈ ಹೊಲಗಳ ಪ್ರಶ್ನೆಯನ್ನೇ ಜೊತೆಗೆ ಒಯ್ಯಲಿ, ಕಂಡುಕೊಂಡದ್ದು ಹಾಡೋನಹಳ್ಳಿಯ ರೈತರಿಗೆ ಕನ್ನಡದಲ್ಲಿ ತಲುಪಲಿ.