ತೀವ್ರ ಉಸಿರಾಟ ಸಂಕಷ್ಟ: ರಕ್ತ ಪರೀಕ್ಷೆಗಳಿಂದ ತಿಳಿಯುವುದೇನು?

ಶ್ವಾಸಕೋಶದ ಗಾಳಿಗೂಡುಗಳ ಗೋಡೆಗೆ ಹಾನಿಯಾಗಿ, ಅವುಗಳಲ್ಲಿ ದ್ರವ ತುಂಬಿಕೊಂಡು, ರಕ್ತಕ್ಕೆ ಸಾಕಷ್ಟು ಆಮ್ಲಜನಕ ದೊರೆಯದ ಸ್ಥಿತಿಯನ್ನು ತೀವ್ರ ಉಸಿರಾಟ ಸಂಕಷ್ಟ ಅಥವಾ ಎ.ಆರ್.ಡಿ.ಎಸ್. ಎಂದು ಕರೆಯಲಾಗುತ್ತದೆ. ಇದು ಸ್ವತಂತ್ರ ರೋಗವಲ್ಲ. ನ್ಯುಮೋನಿಯಾ, ರಕ್ತನಂಜು, ಇಲಿಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ ಮುಂತಾದವು ಉಲ್ಬಣಗೊಂಡಾಗ ಉಂಟಾಗುವ ಪರಿಣಾಮವಾಗಿದೆ. ಹೃದಯಾಘಾತಕ್ಕೆ ಟ್ರೊಪೊನಿನ್ ಪರೀಕ್ಷೆ ಇರುವಂತೆ, ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಸೂಚಕ ಈವರೆಗೆ ಲಭ್ಯವಿಲ್ಲ.

ರೋಗನಿರ್ಣಯಕ್ಕೆ ಮುಖ್ಯ ಆಧಾರ ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ. ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು, ರೋಗಿಯು ಉಸಿರಾಡುತ್ತಿರುವ ಗಾಳಿಯಲ್ಲಿನ ಆಮ್ಲಜನಕದ ಪ್ರಮಾಣದಿಂದ ಭಾಗಿಸಲಾಗುತ್ತದೆ. ಉದಾಹರಣೆಗೆ, ಶೇ. 50 ಆಮ್ಲಜನಕ ನೀಡಿದರೂ ಒತ್ತಡ 75 ಮಿ.ಮೀ. ಮಾತ್ರ ಇದ್ದರೆ ಅನುಪಾತ 150 ಆಗುತ್ತದೆ. 2012ರ ಬರ್ಲಿನ್ ವ್ಯಾಖ್ಯೆಯಂತೆ 300ರಿಂದ ಕೆಳಗೆ ಸೌಮ್ಯ, 200ರಿಂದ ಕೆಳಗೆ ಮಧ್ಯಮ, 100ರಿಂದ ಕೆಳಗೆ ತೀವ್ರ. ಇದರೊಡನೆ ಎದೆಯ ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಮಬ್ಬು ಕಾಣಬೇಕು. ತೊಂದರೆ ಒಂದು ವಾರದೊಳಗೆ ಆರಂಭವಾಗಿರಬೇಕು.

ಹೃದಯ ದುರ್ಬಲವಾದಾಗಲೂ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ಇವೆರಡನ್ನು ಬೇರ್ಪಡಿಸಲು ಬಿ.ಎನ್.ಪಿ. ಪರೀಕ್ಷೆ ನೆರವಾಗುತ್ತದೆ. ಇದು ಮಿಲಿಲೀಟರಿಗೆ 100 ಪೈಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ. ಆದರೆ ಹೆಚ್ಚಿದ್ದ ಮಾತ್ರಕ್ಕೆ ಹೃದಯವೇ ಕಾರಣವೆಂದು ಹೇಳಲಾಗದು. ಮೂತ್ರಪಿಂಡದ ತೊಂದರೆ ಮತ್ತು ರಕ್ತನಂಜಿನಲ್ಲಿಯೂ ಇದು ಏರುತ್ತದೆ. ಪ್ರೊಕ್ಯಾಲ್ಸಿಟೋನಿನ್ ಬ್ಯಾಕ್ಟೀರಿಯಾ ಸೋಂಕಿನ ಸುಳಿವು ನೀಡುತ್ತದೆ. ಸಿ.ಆರ್.ಪಿ. ಉರಿಯೂತ ಇದೆಯೆಂದಷ್ಟೇ ತಿಳಿಸುತ್ತದೆ, ಎಲ್ಲಿದೆಯೆಂದು ತಿಳಿಸುವುದಿಲ್ಲ.

ಕೋವಿಡ್ ಎರಡನೆಯ ಅಲೆಯಲ್ಲಿ ಸಿ.ಆರ್.ಪಿ., ಡಿ-ಡೈಮರ್, ಫೆರಿಟಿನ್ ಎಂಬ ಹೆಸರುಗಳು ಹಳ್ಳಿಗಳಲ್ಲಿಯೂ ಮನೆಮಾತಾದವು. ವಾಸ್ತವವಾಗಿ 2021ರ ಏಪ್ರಿಲ್‌ನ ರಾಷ್ಟ್ರೀಯ ಮಾರ್ಗಸೂಚಿಯು ರೋಗದ ತೀವ್ರತೆಯನ್ನು ಅಳೆದದ್ದು ಉಸಿರಾಟದ ವೇಗ ಮತ್ತು ಆಮ್ಲಜನಕದ ಮಟ್ಟದಿಂದ. ಸಿ.ಆರ್.ಪಿ. ಮತ್ತು ಡಿ-ಡೈಮರ್‌ಗಳನ್ನು ದಾಖಲಾದ ರೋಗಿಗಳ ಮೇಲ್ವಿಚಾರಣೆಗೆ ಸೂಚಿಸಲಾಗಿತ್ತು. ಆಂಜಿಯೋಪೊಯಟಿನ್-2 ಮೊದಲಾದ ಹೊಸ ಸೂಚಕಗಳು ಇನ್ನೂ ಸಂಶೋಧನೆಯ ಹಂತದಲ್ಲಿಯೇ ಇವೆ.

ನಿಡಸೋಸಿಯಂತಹ ಗ್ರಾಮಗಳ ನಿವಾಸಿಗಳು ಗಮನಿಸಬೇಕಾದ ಅಂಶವೂ ಇದೇ. ಅಪಧಮನಿ ರಕ್ತದ ಪರೀಕ್ಷೆಗೆ ಯಂತ್ರ ಬೇಕು. ವೆಂಟಿಲೇಟರ್ ಚಿಕಿತ್ಸೆಗೆ ಸಂಕೇಶ್ವರ, ಹುಕ್ಕೇರಿಗಳಿಂದ ಮುಂದೆ ಬೆಳಗಾವಿಗೆ ಹೋಗಬೇಕಾಗಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಮಾತ್ರ ಎಲ್ಲೆಡೆ ದೊರೆಯುತ್ತದೆ. 2023ರಲ್ಲಿ ಪ್ರಕಟವಾದ ಜಾಗತಿಕ ವ್ಯಾಖ್ಯೆಯು ಅಪಧಮನಿ ರಕ್ತದ ಪರೀಕ್ಷೆಗೆ ಬದಲಾಗಿ ಇದರ ಅಳತೆಯನ್ನೂ, ಎಕ್ಸ್-ರೇಗೆ ಬದಲಾಗಿ ತರಬೇತಾದವರು ಮಾಡಿದ ಅಲ್ಟ್ರಾಸೌಂಡನ್ನೂ ಒಪ್ಪಿಕೊಂಡಿದೆ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಅಳತೆ ತಪ್ಪಾಗಬಹುದು.

ಜ್ವರ ಅಥವಾ ಸೋಂಕಿನ ನಂತರ ವಯಸ್ಕರಲ್ಲಿ ಉಸಿರಾಟ ನಿಮಿಷಕ್ಕೆ 30 ಮೀರಿದರೆ, ಆಮ್ಲಜನಕದ ಮಟ್ಟ ಶೇ. 90ಕ್ಕಿಂತ ಇಳಿದರೆ, ತುಟಿ ನೀಲಿಯಾದರೆ ಅಥವಾ ರೋಗಿಗೆ ಮಂಪರು ಕವಿದರೆ, ರಕ್ತ ಪರೀಕ್ಷೆಯ ವರದಿಗಾಗಿ ಕಾಯದೆ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ಈಗಾಗಲೇ ಮಾಡಿಸಿದ ವರದಿಗಳನ್ನೂ, ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ರೋಗಿಯ ಜೊತೆಯಲ್ಲಿಯೇ ಕಳುಹಿಸುವುದು.