ಕೆಲಸ ಕಳೆದುಕೊಂಡ ಹಾಡು

2021ರ ಜನವರಿ ನೆನಪಿದೆಯಾ? ಸ್ಕಾಟ್ಲೆಂಡಿನ ಪೋಸ್ಟ್‌ಮ್ಯಾನ್ ನೇಥನ್ ಎವಾನ್ಸ್ ಹಾಡಿದ ‘ವೆಲರ್‌ಮ್ಯಾನ್’ ಟಿಕ್‌ಟಾಕ್‌ನಲ್ಲಿ ಹುಚ್ಚೆಬ್ಬಿಸಿತ್ತು. ನಮ್ಮಲ್ಲಿ ಆ ಆ್ಯಪ್ ಅಷ್ಟೊತ್ತಿಗೆ ಬ್ಯಾನ್ ಆಗಿತ್ತು, ಯೂಟ್ಯೂಬಲ್ಲೇ ನೋಡಿದ್ವಿ ಬಿಡಿ. ಎಲ್ಲರೂ ಅದನ್ನ ‘ಸೀ ಶಾಂಟಿ’ ಅಂದರು. ನಿಜವಾಗಿ ಅದು ನ್ಯೂಜಿಲೆಂಡಿನ ತಿಮಿಂಗಿಲ ಬೇಟೆಗಾರರ ಕಥನಗೀತೆ. ಶಾಂಟಿ ಅನ್ನೋದು ಹಾಡಿಗಿಂತ ಹೆಚ್ಚಾಗಿ ಒಂದು ಸಲಕರಣೆ.

ನಮ್ಮ ಕರಾವಳಿಯಲ್ಲಿ ದೋಣಿ ಎಳೆಯುವಾಗ ಕೂಗುವ ‘ಐಲೇಸಾ’ ಗೊತ್ತಲ್ಲ, ಅದರದ್ದೂ ಇದೇ ಕೆಲಸ. 19ನೇ ಶತಮಾನದ ಹಾಯಿಹಡಗಿನಲ್ಲಿ ಭಾರದ ಹಾಯಿ ಏರಿಸೋಕೆ ಇಡೀ ತಂಡ ಒಂದೇ ಕ್ಷಣಕ್ಕೆ ಹಗ್ಗ ಜಗ್ಗಬೇಕು. ಶಾಂಟಿಮ್ಯಾನ್ ಒಂದು ಸಾಲು ಹಾಡುವಾಗ ಉಳಿದವರು ಉಸಿರು ತಗೋತಾರೆ. ಪಲ್ಲವಿಯಲ್ಲಿ ಒತ್ತು ಬೀಳೋ ಮಾತಿಗೆ ಎಲ್ಲರೂ ಒಟ್ಟಿಗೆ ಎಳೀತಾರೆ. ಲಂಗರು ಎತ್ತೋಕೆ ಬೇರೆ ಲಯ, ಯಾಕಂದ್ರೆ ಅಲ್ಲಿ ಸುತ್ತ ನಡೀತಾ ರಾಟೆ ತಿರುಗಿಸಬೇಕು. ಹಾಯಿ ಇನ್ನೂ ಮೇಲೇರಿಲ್ಲ ಅಂದ್ರೆ ಹೊಸ ಸಾಲು ಕಟ್ಟಬೇಕು. ಕ್ಯಾಪ್ಟನ್‌ನ ಬೈಯೋಕೂ ಅದೇ ಒಳ್ಳೆ ಅವಕಾಶ. ಅಮೆರಿಕದ ಬಂದರುಗಳಲ್ಲಿ ಹಡಗಿಗೆ ಹತ್ತಿ ಮೂಟೆ ತುಂಬುತ್ತಿದ್ದ ಕಪ್ಪು ಕಾರ್ಮಿಕರ ಹಾಡುಗಳು, ಕೆರಿಬಿಯನ್ ನಾವಿಕರ ಹಾಡುಗಳು ಇದರಲ್ಲಿ ತುಂಬಾ ಬೆರೆತಿವೆ. ಇವತ್ತಿನ ವೀಡಿಯೊಗಳಲ್ಲಿ ಆ ಮುಖಗಳು ಕಾಣೋದೇ ಅಪರೂಪ.

ಆಮೇಲೆ ಉಗಿಹಡಗು ಬಂತು. ನಾವಿಕನಿಗೆ ಬೇರೆ ಕೆಲಸ ಸಿಕ್ಕಿತು, ಹಾಡಿಗೆ ಸಿಗಲಿಲ್ಲ.

1928ರಲ್ಲಿ ಹಾರ್ವರ್ಡ್‌ನ ಸಂಶೋಧಕ ಜೇಮ್ಸ್ ಮ್ಯಾಡಿಸನ್ ಕಾರ್ಪೆಂಟರ್ ಬ್ರಿಟನ್ನಿಗೆ ಬಂದ. ಜೊತೆಗಿದ್ದದ್ದು ಡಿಕ್ಟಾಫೋನ್, ಅಂದರೆ ಆಫೀಸಲ್ಲಿ ಸಾಹೇಬರು ಪತ್ರ ಹೇಳಿ ಬರೆಸೋ ಯಂತ್ರ. ಒಂದು ಸಣ್ಣ ಕಾರು ಕೊಂಡು ಕಾರ್ಡಿಫ್, ಬ್ಯಾರಿಯಂಥ ಬಂದರು ಊರುಗಳಲ್ಲಿ ನಿವೃತ್ತ ನಾವಿಕರನ್ನ ಹುಡುಕಿದ. ಮೇಣದ ಸಿಲಿಂಡರ್‌ನಲ್ಲಿ ಜಾಗ ಕಮ್ಮಿ. ಹಾಗಾಗಿ ಸಾಮಾನ್ಯವಾಗಿ ಒಂದೆರಡು ಚರಣ ಮಾತ್ರ ರೆಕಾರ್ಡ್ ಮಾಡ್ತಿದ್ದ, ಮಿಕ್ಕಿದ್ದನ್ನ ಅವರು ಹೇಳಿದ ಹಾಗೆ ಟೈಪ್ ಮಾಡ್ಕೊಳ್ತಿದ್ದ.

ಅಂದರೆ ಉಳಿದದ್ದೇನು? ಕುರ್ಚಿಯಲ್ಲಿ ಕೂತ ಮುದುಕನೊಬ್ಬನ ಧ್ವನಿ. ಕರೆಯೂ ಅವನದೇ, ಓಗೊಡುವ ತಂಡವೂ ಅವನೇ. 1950ರ ದಶಕದಲ್ಲಿ ಇವಾನ್ ಮೆಕಾಲ್, ಎ. ಎಲ್. ಲಾಯ್ಡ್ ಮಾಡಿದ ರೆಕಾರ್ಡ್‌ಗಳಲ್ಲಿ ಕೋರಸ್ ಇದೆ, ಕಾನ್ಸರ್ಟೀನಾ ಇದೆ, ಕೇಳೋಕೂ ಸೊಗಸು. ಆದರೂ ನನ್ನ ಓಟು ಆ ಮುದುಕರಿಗೇ. ಅವರ ಕೈಗಳು ನಿಜವಾಗಿ ಹಗ್ಗ ಹಿಡಿದಿದ್ದವು. ಎಲ್ಲಿ ಎಳೆಯಬೇಕು ಅನ್ನೋದು ಅವರ ಗಂಟಲಿಗೆ ಗೊತ್ತಿತ್ತು.

ಈ ಸಂಗ್ರಹವನ್ನ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1972ರಲ್ಲಿ ಕೊಂಡಿತು. 2018ರಿಂದ ವಾನ್ ವಿಲಿಯಮ್ಸ್ ಮೆಮೊರಿಯಲ್ ಲೈಬ್ರರಿಯ ಸೈಟಲ್ಲಿ ಉಚಿತವಾಗಿ ಕೇಳಬಹುದು. ಕರಕರ ಸದ್ದು ತುಂಬಾ ಇದೆ, ಹೆಡ್‌ಫೋನ್ ಹಾಕ್ಕೊಳ್ಳಿ.